ಒಂದು ದಾರ, ಎರಡು ಗಾಳ

‘ಗಾಳ ಹಾಕುವುದು’ ಎಂಬ ಮಾತಿಗೆ ನಮ್ಮಲ್ಲಿ ಒಳ್ಳೆಯ ಹೆಸರಿಲ್ಲ. ಕೆಲಸ ಗಿಟ್ಟಿಸಿಕೊಳ್ಳಲು ದೊಡ್ಡವರ ಮನೆಯ ಬಾಗಿಲು ಕಾಯುವವನು ಗಾಳ ಹಾಕುತ್ತಾನೆ. ಚುನಾವಣೆ ಹತ್ತಿರ ಬಂದರೆ ಒಂದು ಪಕ್ಷದವರು ಇನ್ನೊಂದು ಪಕ್ಷದವರಿಗೆ ಗಾಳ ಹಾಕುತ್ತಾರೆ. ಹೆಣ್ಣು ಹೆತ್ತವರು ಬೆಂಗಳೂರಿನ ಸಾಫ್ಟ್‌ವೇರ್ ವರನಿಗೆ ಗಾಳ ಹಾಕುತ್ತಾರೆ. ಇವರೆಲ್ಲ ಬುದ್ಧಿವಂತರು. ನಿಜವಾದ ಗಾಳವನ್ನು ನಿಜವಾದ ನೀರಿಗೆ ನಿಜವಾದ ಮೀನಿಗಾಗಿ ಹಾಕಿ ಕೂತವನು ಮಾತ್ರ ಕೆಲಸವಿಲ್ಲದವನು! ನಾನು ನಲವತ್ತು ವರ್ಷಕ್ಕೂ ಮೇಲ್ಪಟ್ಟು ಈ ಕೆಲಸವಿಲ್ಲದವರ ಪಂಗಡಕ್ಕೆ ಸೇರಿದವನು. ಆ ಪಂಗಡದ ಒಂದು ಸಣ್ಣ ವಿದ್ಯೆಯನ್ನು, ಎಂದರೆ ಒಂದೇ ದಾರಕ್ಕೆ ಒಂದಕ್ಕಿಂತ ಹೆಚ್ಚು ಗಾಳ ಕಟ್ಟುವ ವಿದ್ಯೆಯನ್ನು ಇಲ್ಲಿ ಹೇಳುತ್ತೇನೆ. ಮಕ್ಕಳ ಓದಿನ ಚಿಂತೆಯಲ್ಲಿರುವ ತಂದೆತಾಯಂದಿರು ‘ನಮಗೇಕೆ ಇದು’ ಎಂದು ಪುಟ ಮಗುಚದೆ ಸ್ವಲ್ಪ ತಾಳ್ಮೆ ವಹಿಸಬೇಕು. ತಾಳ್ಮೆಯಿಲ್ಲದವರಿಗೆ ಮೀನೂ ಸಿಗುವುದಿಲ್ಲ.

ದಾವಣಗೆರೆಯವರಾದ ನಮಗೆ ಊರೊಳಗೆ ನದಿಯಿಲ್ಲ. ಕೆರೆಗಳಿವೆ, ಭದ್ರಾ ಕಾಲುವೆಯಿದೆ. ರಾಜನಹಳ್ಳಿಯಲ್ಲಿ ಎತ್ತಿದ ತುಂಗಭದ್ರೆಯ ನೀರು ನಲ್ಲಿಯಲ್ಲಿ ಬರುತ್ತದೆ. ಆದರೆ ಹರಿಯುವ ಹೊಳೆಯನ್ನು ಕಣ್ಣಿನಿಂದ ನೋಡಬೇಕೆಂದರೆ ಸುಮಾರು 14 ಕಿಲೋಮೀಟರು ದೂರದ ಹರಿಹರಕ್ಕೇ ಹೋಗಬೇಕು. ನಾನು ಹೈಸ್ಕೂಲು ವಿಜ್ಞಾನದ ಮೇಷ್ಟ್ರಾಗಿ ಅಲ್ಲಿಗೆ ದಿನಾ ಹೋಗಿ ಬರುತ್ತಿದ್ದೆ. ಶನಿವಾರ ಬೆಳಗಿನ ಶಾಲೆ. ಬಿಟ್ಟ ಮೇಲೆ ಹರಿಹರೇಶ್ವರನ ಗುಡಿಗೊಂದು ಸುತ್ತು. 1224ರಲ್ಲಿ ಹೊಯ್ಸಳರ ದಂಡನಾಯಕ ಪೋಲಾಳ್ವ ಕಟ್ಟಿಸಿದ ಗುಡಿ ಅದು. ಅರ್ಧ ಹರ, ಅರ್ಧ ಹರಿ. ಅಲ್ಲಿಂದ ಹೊಳೆಯ ದಂಡೆಗೆ ಇಳಿದರೆ ಊಟದ ನೆನಪೂ ಆಗುತ್ತಿರಲಿಲ್ಲ.

ಅಲ್ಲಿ ನನಗೆ ಗುರುವಾಗಿ ಸಿಕ್ಕಿದವರು ಹರಿಗೋಲು ಹಾಕುತ್ತಿದ್ದ ಅಂಬಿಗರ ಅಜ್ಜ. ಬಿದಿರ ಗಳ, ನೈಲಾನ್ ದಾರ, ಒಣ ಬೆಂಡಿನ ಚೂರು, ಒಂದಿಷ್ಟು ಸೀಸ, ತೆಂಗಿನ ಚಿಪ್ಪಿನಲ್ಲಿ ಎರೆಹುಳು. ಇಷ್ಟೇ ಅವರ ಆಸ್ತಿ. ಬಾಕಿಯವರು ಒಂದು ಗಾಳ ಕಟ್ಟಿ ಕೂತರೆ ಅಜ್ಜ ಎರಡು ಕಟ್ಟುತ್ತಿದ್ದರು. ನಾನು ಅದನ್ನು ಆಸೆಯೆಂದುಕೊಂಡೆ. “ಒಂದರ ಬದಲು ಎರಡು ಮೀನು ಬೀಳಲಿ ಅಂತಲಾ ಅಜ್ಜ?” ಎಂದು ಕೇಳಿದೆ.

“ಅಲ್ಲ ಮೇಷ್ಟ್ರೇ” ಎಂದರು ಅಜ್ಜ. “ಇವತ್ತು ಮೀನು ತಳದಾಗೆ ಐತೋ, ಮ್ಯಾಗೆ ಐತೋ ನಂಗೂ ಗೊತ್ತಿಲ್ಲ, ನಿಮಗೂ ಗೊತ್ತಿಲ್ಲ. ಹೊಳೀನೇ ಕೇಳಬೇಕು. ಕೇಳಾಕೆ ಎರಡು ಬೇಕು. ಹೊಳಿ ಹೇಳಿದ ಮ್ಯಾಲೆ ಒಂದು ಸಾಕು.”

ಮೊದಲ ಮೀನು ಮೇಲಿನ ಗಾಳಕ್ಕೆ ಬಿದ್ದರೆ ಅಜ್ಜ ಕೆಳಗಿನದನ್ನು ಬಿಚ್ಚಿ ಚಿಪ್ಪಿಗೆ ಹಾಕುತ್ತಿದ್ದರು. ಕೆಳಗಿನದಕ್ಕೆ ಬಿದ್ದರೆ ಮೇಲಿನದನ್ನು ಕತ್ತರಿಸುತ್ತಿದ್ದರು. ಆಮೇಲೆ ಸಂಜೆಯವರೆಗೆ ಒಂದೇ ಗಾಳ. ನಮ್ಮದು ಮೀನು ತಿನ್ನದ ಮನೆ. ನನಗೆ ಸಿಕ್ಕಿದ್ದೆಲ್ಲ ಅಜ್ಜನ ಬುಟ್ಟಿಗೇ ಹೋಗುತ್ತಿತ್ತು. “ತಿನ್ನಂಗಿಲ್ಲ ಅಂದಮ್ಯಾಲೆ ಯಾಕ್ ಹಿಡೀತೀರಿ ಮೇಷ್ಟ್ರೇ” ಎಂದು ಅವರು ನಗುತ್ತಿದ್ದರು. ಅವರ ಗುರುದಕ್ಷಿಣೆ ಆ ಬುಟ್ಟಿಯಲ್ಲೇ ಸಂದಾಯವಾಗುತ್ತಿತ್ತು ಎನ್ನಿ.

ಅಜ್ಜನ ಕಟ್ಟಿನ ಅಳತೆ ಹೇಳುತ್ತೇನೆ. ದಾರದ ಕೊನೆಗೆ ಒಂದು ಗಾಳ. ಅದರ ಸ್ವಲ್ಪ ಮೇಲೆ ಹಿಸುಕಿ ಕೂರಿಸಿದ ಸೀಸದ ಗುಂಡು. ಅಲ್ಲಿಂದ ಒಂದು ಮೊಳ ಮೇಲಕ್ಕೆ ದಾರದಿಂದ ಪಕ್ಕಕ್ಕೆ ಹೊರಟ ಒಂದು ಕವಲು. ಕವಲಿನ ಉದ್ದ ನಾಲ್ಕು ಬೆರಳು, ಅದರ ತುದಿಗೆ ಇನ್ನೊಂದು ಗಾಳ. ಅದಕ್ಕೂ ಮೇಲೆ, ನೀರಿನ ಆಳ ನೋಡಿಕೊಂಡು ಬೆಂಡು. ಕೆಳಗಿನ ಗಾಳಕ್ಕೆ ಎರೆಹುಳು, ಮೇಲಿನದಕ್ಕೆ ಹಿಟ್ಟಿನ ಉಂಡೆ. ಮೊಳವೇ ಏಕೆ, ನಾಲ್ಕು ಬೆರಳೇ ಏಕೆ ಎಂದರೆ ಉತ್ತರ ಸರಳ. ಕವಲು ಗಿಡ್ಡವಾಗಿದ್ದು ಎರಡು ಗಾಳಗಳ ನಡುವಿನ ಅಂತರ ಹೆಚ್ಚಾಗಿದ್ದರೆ ಒಂದು ಇನ್ನೊಂದಕ್ಕೆ ಎಟುಕುವುದಿಲ್ಲ. ಎಟುಕಿದರೆ ಸಿಕ್ಕು. ಸಿಕ್ಕು ಬಿಡಿಸುವುದರಲ್ಲೇ ಬೆಳಗು ಕಳೆದು, ಮೀನು ಊಟ ಮುಗಿಸಿ ಹೋಗಿರುತ್ತದೆ.

ಈ ವಿದ್ಯೆಗೆ ಹೊರದೇಶಗಳಲ್ಲಿ ದೊಡ್ಡ ಶಾಸ್ತ್ರವೇ ಇದೆಯೆಂದು ನನಗೆ ತಿಳಿದದ್ದು ನಿವೃತ್ತಿಯಾದ ಮೇಲೆ. ಅಮೆರಿಕದ ಕೊಲರಾಡೊದಲ್ಲಿರುವ ಅಕ್ಕನ ಮಗ ರಜೆಗೆ ಬಂದಾಗ ನನಗೊಂದು ಪುಟ್ಟ ಡಬ್ಬಿ ತಂದುಕೊಟ್ಟ. ಅದರೊಳಗೆ ಭತ್ತದ ಕಾಳಿನ ಗಾತ್ರದ, ನೂಲು, ಗರಿ, ತಾಮ್ರದ ತಂತಿಗಳಿಂದ ಸುತ್ತಿದ ಹುಳುಗಳು. ಒಂದೊಂದರ ಹೊಟ್ಟೆಯಲ್ಲೂ ಒಂದೊಂದು ಗಾಳ. “ಇವು ನಿಂಫ್‌ಗಳು ಮಾಮ. ಅಲ್ಲಿ ಇವನ್ನು ಒಂದೇ ದಾರಕ್ಕೆ ಎರಡು ಮೂರು ಕಟ್ಟಿ ಟ್ರೌಟ್ ಮೀನು ಹಿಡಿಯುತ್ತಾರೆ” ಎಂದ.

ನಿಂಫ್ ಎಂದರೆ ಗ್ರೀಕರ ಕಥೆಗಳಲ್ಲಿ ಬರುವ ನದಿ ಕೊಳಗಳ ಕನ್ಯೆ. ನಮ್ಮ ಅಪ್ಸರೆಯರ ಸೋದರಿ ಎನ್ನಬಹುದು. ಅಪ್ಸರೆ ಎಂಬ ಪದದಲ್ಲಿಯೂ ‘ಅಪ್’ ಎಂದರೆ ನೀರೇ. ಜೀವಶಾಸ್ತ್ರದವರು ಈ ಸೊಗಸಾದ ಹೆಸರನ್ನು ತೆಗೆದುಕೊಂಡು ನೀರಿನಡಿಯ ಕಲ್ಲಿಗೆ ಅಂಟಿಕೊಂಡಿರುವ, ನೋಡಲು ಅಷ್ಟೇನೂ ಸೊಗಸಿಲ್ಲದ ಮರಿಹುಳುಗಳಿಗೆ ಇಟ್ಟಿದ್ದಾರೆ. ಮಕ್ಕಳು ಏರೋಪ್ಲೇನ್ ಚಿಟ್ಟೆ ಎಂದು ಕರೆಯುವ ಹುಳು ಮೊದಲು ಇಂಥ ನಿಂಫ್ ಆಗಿ ನೀರಿನಲ್ಲೇ ಬೆಳೆಯುತ್ತದೆ. ಇಂಗ್ಲಿಷಿನವರು ಮೇಫ್ಲೈ ಎನ್ನುವ ಹುಳುವಿನದು ಇನ್ನೂ ವಿಚಿತ್ರ. ರೆಕ್ಕೆ ಬಂದ ಮೇಲೆ ಅದು ಬದುಕುವುದು ಹೆಚ್ಚೆಂದರೆ ಒಂದೆರಡು ದಿನ. ಆಗ ಅದು ಏನನ್ನೂ ತಿನ್ನುವುದಿಲ್ಲ. ತಿಂದು ಬೆಳೆಯುವ ಕೆಲಸವೆಲ್ಲ ಅದಕ್ಕೆ ಮುಂಚೆ, ತಿಂಗಳುಗಟ್ಟಲೆ, ನೀರಿನಡಿಯ ಕತ್ತಲೆಯಲ್ಲಿ ಮುಗಿದಿರುತ್ತದೆ.

ಹಾಗಾಗಿ ಹೊಳೆಯ ಮೀನಿಗೆ ಹುಳು ಸಿಗುವುದು ಹೆಚ್ಚಾಗಿ ನೀರಿನೊಳಗೇ. ಈ ಮಾತನ್ನು ಇಂಗ್ಲೆಂಡಿನಲ್ಲಿ ಒತ್ತಿ ಹೇಳಿದವರು ಲಂಡನ್ನಿನ ಒಬ್ಬ ವಕೀಲರು, ಜಿ. ಇ. ಎಂ. ಸ್ಕ್ಯೂಸ್. ಅಂದಿನ ದೊಡ್ಡ ಮನುಷ್ಯರಿಗೆ ನೀರಿನ ಮೇಲೆ ತೇಲುವ ಕೃತಕ ನೊಣದಿಂದ ಹಿಡಿದರೆ ಮಾತ್ರ ಮರ್ಯಾದೆ, ಮುಳುಗಿಸಿ ಹಿಡಿದರೆ ಮಡಿ ಕೆಟ್ಟಂತೆ. ಸ್ಕ್ಯೂಸ್ 1910ರಲ್ಲಿ ಪುಸ್ತಕ ಬರೆದು, ಮೀನು ನೀರೊಳಗೆ ಉಣ್ಣುತ್ತಿರುವಾಗ ನೀರೊಳಗೇ ಬಡಿಸುವುದರಲ್ಲಿ ತಪ್ಪೇನಿದೆ ಎಂದು ವಾದಿಸಿದರು. ಅಲ್ಲಿನ ರಸಿಕರ ನಡುವೆ ಇದರ ಜಗಳ ದಶಕಗಳ ಕಾಲ ನಡೆಯಿತು. ಮಡಿ ಮೈಲಿಗೆ ನಮ್ಮಲ್ಲಿ ಮಾತ್ರ ಎಂದುಕೊಳ್ಳಬೇಡಿ! ಫ್ರಾಂಕ್ ಸಾಯರ್ ಎಂಬ ನದಿ ಕಾವಲುಗಾರರು ಆಮೇಲೆ ನೂಲನ್ನೇ ಬಿಟ್ಟು ಬರೀ ತಾಮ್ರದ ತಂತಿಯಿಂದ ಕಾಡುಕೋಳಿ ಜಾತಿಯ ಹಕ್ಕಿಯ ಬಾಲದ ಗರಿ ಸುತ್ತಿ, ತಾನಾಗಿ ಮುಳುಗುವ ನಿಂಫ್ ಮಾಡಿದರು. ನನ್ನ ಡಬ್ಬಿಯಲ್ಲಿ ಆ ತಳಿಯದೂ ಎರಡಿವೆ.

ಒಂದೇ ದಾರಕ್ಕೆ ಹಲವು ಕಟ್ಟುವ ರೂಢಿ ಇದಕ್ಕಿಂತ ಹಳೆಯದು. ಸ್ಕಾಟ್ಲೆಂಡಿನ ಡಬ್ಲ್ಯು. ಸಿ. ಸ್ಟುವರ್ಟ್ ತಮ್ಮ 1857ರ ಪುಸ್ತಕದಲ್ಲಿ ಹೀಗೆ ಹಲವು ನೊಣ ಕಟ್ಟುವುದರ ಬಗ್ಗೆ ಬರೆದಿದ್ದಾರೆ. ಇತ್ತೀಚೆಗೆ ಪೋಲೆಂಡ್, ಚೆಕ್ ದೇಶಗಳವರು ಮೂರು ಭಾರದ ನಿಂಫ್‌ಗಳನ್ನು ಕಟ್ಟಿ ಗಿಡ್ಡ ದಾರದಲ್ಲಿ ಹಿಡಿಯುವ ಕ್ರಮಕ್ಕೆ ಹೆಸರಾದರು. ಅಂತಾರಾಷ್ಟ್ರೀಯ ಸ್ಪರ್ಧೆಗಳಲ್ಲಿ ಮೂರೇ ಮಿತಿ. ಅದಕ್ಕಿಂತ ಹೆಚ್ಚು ಕಟ್ಟುವಂತಿಲ್ಲ.

ಅಕ್ಕನ ಮಗ ಹಾಳೆಯ ಮೇಲೆ ಚಿತ್ರ ಬರೆದು ತೋರಿಸಿದ. ತುದಿಗೆ ಎಲ್ಲಕ್ಕಿಂತ ಭಾರದ ನಿಂಫ್. ಅದು ತಳದ ಕಲ್ಲುಗಳ ನಡುವೆ ಉರುಳುತ್ತ ಹೋಗಬೇಕು. ಅದರಿಂದ ಹದಿನೆಂಟು ಇಪ್ಪತ್ತು ಇಂಚು ಮೇಲೆ ನಾಲ್ಕಾರು ಇಂಚಿನ ಕವಲು, ಅದಕ್ಕೆ ಹಗುರವಾದ ಇನ್ನೊಂದು. ಇನ್ನೂ ಅಷ್ಟೇ ಮೇಲೆ ಮೂರನೆಯದು. ಇವು ಮೂರು ಬೇರೆ ಬೇರೆ ಹುಳುಗಳೇ ಆಗಬೇಕೆಂದಿಲ್ಲ. ಒಂದೇ ಹುಳುವಿನ ಮೂರು ವಯಸ್ಸೂ ಆಗಬಹುದು. ತಳದಲ್ಲಿ ತೆವಳುವಾಗಿನದು, ಮೇಲೆ ಏಳಲು ಹೊರಟಾಗಿನದು, ನೀರಿನ ಮೇಲ್ಪದರದಲ್ಲಿ ಪೊರೆ ಬಿಡುವಾಗಿನದು. ಮೀನು ಯಾವ ವಯಸ್ಸಿನ ಹುಳುವನ್ನು ತಿನ್ನುತ್ತಿದೆಯೆಂದು ತಿಳಿದ ಮೇಲೆ ಉಳಿದೆರಡರ ಜಾಗದಲ್ಲೂ ಅದನ್ನೇ ಕಟ್ಟುತ್ತಾರೆ, ಇಲ್ಲವೇ ಉಳಿದೆರಡನ್ನೂ ತೆಗೆದುಬಿಡುತ್ತಾರೆ. ಅವರು ಇಂಡಿಕೇಟರ್ ಎನ್ನುವುದು ನಮ್ಮ ಬೆಂಡು. ಹದಿನೆಂಟು ಇಂಚೆಂದರೆ ಒಂದು ಮೊಳ! ಹರಿಹರದ ದಂಡೆಯಲ್ಲಿ ಅಜ್ಜ ಮೊಣಕೈಯಿಂದ ಬೆರಳ ತುದಿಗೆ ಅಳೆದದ್ದನ್ನೇ ಕೊಲರಾಡೊದವರು ಟೇಪಿನಲ್ಲಿ ಅಳೆದಿದ್ದರು.

ನಮ್ಮವರು ಇದನ್ನು ಬರೆದಿಟ್ಟಿಲ್ಲವೇ ಎಂದು ಯಾರಾದರೂ ಕೇಳಿಯಾರು. ಗಾಳದ ವಿನೋದವನ್ನು ಬರೆದಿಟ್ಟವರಲ್ಲಿ ನಮ್ಮವರೇ ಬಹಳ ಮುಂಚಿನವರು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 1131ರ ಸುಮಾರಿಗೆ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಅರಸರ ವಿನೋದಗಳ ನಡುವೆ ಮತ್ಸ್ಯವಿನೋದಕ್ಕೂ ಒಂದು ಭಾಗವಿದೆ. ಮೀನಿನ ಜಾತಿಗಳು, ಯಾವುದಕ್ಕೆ ಯಾವ ಆಹಾರ, ದಾರ ಹೇಗಿರಬೇಕು, ಕೋಲು ಹೇಗಿರಬೇಕು ಎಂಬುದೆಲ್ಲ ಅಲ್ಲಿ ಬಂದಿದೆ. ಈ ತುಂಗಭದ್ರೆಯ ದಂಡೆಯೂ ಅಂದು ಆ ರಾಜ್ಯಕ್ಕೇ ಸೇರಿತ್ತು. ಮುಂದೆ ದಕ್ಷಿಣ ಕನ್ನಡದಲ್ಲಿ ಕಲೆಕ್ಟರಾಗಿದ್ದ ಹೆನ್ರಿ ಸಲಿವನ್ ಥಾಮಸ್ 1873ರಲ್ಲಿ ಭಾರತದ ಗಾಳದ ಬೇಟೆಯ ಮೇಲೆ ಪುಸ್ತಕ ಪ್ರಕಟಿಸಿದರು. ಅರಸರದೂ ದೊರೆಗಳದೂ ಹೀಗೆ ಬರಹದಲ್ಲಿ ಉಳಿಯಿತು. ಅಂಬಿಗರ ಅಜ್ಜನ ಮೊಳ ಮತ್ತು ನಾಲ್ಕು ಬೆರಳು ಅವರ ಕೈಯಲ್ಲೇ ಇತ್ತು. ಅವರು ತೀರಿಕೊಂಡು ಬಹಳ ವರ್ಷಗಳಾದವು. ಅದನ್ನು ಬರೆದಿಡುವ ಆಸೆ ಈ ಲೇಖನಕ್ಕೆ ಅರ್ಧ ಕಾರಣ.

ಉಳಿದರ್ಧ ಕಾರಣ ನನ್ನ ತಂಗಿಯ ಮಗ.

ಕಳೆದ ವರ್ಷ ಏಪ್ರಿಲ್‌ನಲ್ಲಿ ಅವನು ಮೊದಲ ಪಿಯುಸಿ ಮುಗಿಸಿದ್ದ. ದಾವಣಗೆರೆ ಎಂದರೆ ಕಾಲೇಜುಗಳ ಊರು. ಮೆಡಿಕಲ್, ಇಂಜಿನಿಯರಿಂಗ್, ಡೆಂಟಲ್ ಎಲ್ಲವೂ ಬಸ್ಸಿನ ದಾರಿಯಲ್ಲೇ ಕಾಣುತ್ತವೆ. ಇಂಥ ಊರಿನಲ್ಲಿ ಮಗ ಹುಟ್ಟಿದರೆ ತಂದೆಯ ಎದೆಬಡಿತ ಬೇರೆ ಊರಿನವರಿಗಿಂತ ಹೆಚ್ಚೇ ಇರುತ್ತದೆ. ಭಾವನವರು ಹುಡುಗನನ್ನು ನೀಟ್‌ಗೆ ಒಂದು ಕಡೆ, ಜೆಇಇಗೆ ಇನ್ನೊಂದು ಕಡೆ, ಸಿಇಟಿಗೆ ಮತ್ತೊಂದು ಕಡೆ ಸೇರಿಸಿದ್ದರು. ಬೋರ್ಡ್ ಪರೀಕ್ಷೆಯ ಟ್ಯೂಷನ್ ಬೇರೆ. ಬೆಳಿಗ್ಗೆ ಐದೂವರೆಗೆ ಮನೆ ಬಿಟ್ಟರೆ ರಾತ್ರಿ ಒಂಬತ್ತಕ್ಕೆ ಬರುವುದು. “ನಾಲ್ಕು ಕಡೆ ಗಾಳ ಹಾಕಿಟ್ಟೀನಿ ಭಾವ, ಒಂದಾದರೂ ಕಚ್ಚದೇ ಇರುತ್ತಾ?” ಎಂದರು ಅವರು ನನಗೆ. ಗಾಳದ ಮಾತನ್ನು ನನ್ನೆದುರು ಆಡಬಾರದಿತ್ತು!

ಹುಡುಗ ಮಾತು ಬಿಟ್ಟಿದ್ದ. ತಟ್ಟೆಯ ಮುಂದೆ ಕೂತು ಎರಡು ತುತ್ತು ತಿಂದು ಏಳುತ್ತಿದ್ದ. ವಾರಕ್ಕೆ ನಾಲ್ಕು ದಿನ ತಲೆನೋವು. ಕಣ್ಣಿನ ಡಾಕ್ಟರು ನೋಡಿ ಕಣ್ಣಿನಲ್ಲೇನೂ ದೋಷವಿಲ್ಲ ಎಂದರು. ತಂಗಿ ಒಂದು ರಾತ್ರಿ ಫೋನು ಮಾಡಿ, “ಅಣ್ಣಾ, ಇವನು ನಿದ್ದೆಯಲ್ಲೂ ಎದ್ದು ಕೂರ್ತಾನೆ. ನಂಗೆ ಭಯ ಆಗ್ತದೆ. ನೀನೊಂದು ಸಲ ಮಾತಾಡಿಸು” ಎಂದು ಅತ್ತಳು. ಮಾತು ಬಿಟ್ಟವನನ್ನು ಮಾತಾಡಿಸುವುದು ಹೇಗೆ? ಭಾನುವಾರ ಅವನನ್ನು ಹರಿಹರಕ್ಕೆ ಕರೆದುಕೊಂಡು ಹೋದೆ.

ಏಪ್ರಿಲ್‌ನಲ್ಲಿ ಹೊಳೆ ಇಳಿದು ಕಲ್ಲುಗಳು ತಲೆ ಎತ್ತಿರುತ್ತವೆ. ಊರಿನಿಂದ ಮೇಲ್ಗಡೆ, ಮೊಣಕಾಲುದ್ದದ ನೀರು ಕಲ್ಲಿನ ಮೇಲೆ ಸದ್ದು ಮಾಡುತ್ತ ಹರಿಯುವ ಕಡೆ ನಿಂತು, ಒಂದು ಕಲ್ಲನ್ನು ಎತ್ತಿ ಮಗುಚಿ ಅವನ ಕೈಗೆ ಕೊಟ್ಟೆ. ಕಲ್ಲಿನ ಅಡಿಯಲ್ಲಿ ಮೂರು ಬಾಲದ, ಚಪ್ಪಟೆ ಮೈಯ ಪುಟ್ಟ ಹುಳು ಸರಸರನೆ ಓಡಿತು. “ಏನಿದು ಮಾಮ?” ಎಂದ. ಆ ದಿನ ಅವನಾಡಿದ ಮೊದಲ ಮಾತು ಅದು. ಮೇಫ್ಲೈ ನಿಂಫ್ ಎಂದೆ. ಹೊಟ್ಟೆಯ ಎರಡು ಕಡೆ ಎಲೆಯ ಹಾಗೆ ಅಲುಗುವುದು ಅದರ ಕಿವಿರು, ಅದರಿಂದಲೇ ಉಸಿರಾಟ ಎಂದೆ. ಅವನು ಹತ್ತು ಕಲ್ಲು ಮಗುಚಿದ. ಎಣಿಸಿದ. ಆಮೇಲೆ ಕೆಳಗಡೆ ಚರಂಡಿ ನೀರು ಸೇರುವಲ್ಲಿಗೆ ನಡೆದು ಹೋಗಿ ಅಲ್ಲೂ ಹತ್ತು ಕಲ್ಲು ಮಗುಚಿದೆವು. ಅಲ್ಲಿ ಮೂರು ಬಾಲದ್ದು ಒಂದೂ ಇರಲಿಲ್ಲ. ಕೆಸರಿನಲ್ಲಿ ದಾರದಂಥ ಕೆಂಪು ಹುಳುಗಳು ಮಾತ್ರ. ಅವುಗಳ ಮೈಯಲ್ಲಿ ನಮ್ಮ ರಕ್ತದಲ್ಲಿರುವ ಹಿಮೋಗ್ಲೋಬಿನ್ ಇರುವುದರಿಂದ ಆಮ್ಲಜನಕ ಕಡಿಮೆಯಿದ್ದರೂ ಬದುಕುತ್ತವೆ. ಮೇಫ್ಲೈ ಜಾತಿಯವುಗಳಿಗೆ ಅದು ಸಾಧ್ಯವಿಲ್ಲ. ನದಿಯ ಆರೋಗ್ಯ ಅಳೆಯುವ ವಿಜ್ಞಾನಿಗಳು ಬಾಟಲಿಯಲ್ಲಿ ನೀರು ತುಂಬಿಕೊಂಡು ಹೋಗುವುದರ ಜೊತೆಗೆ ಹೀಗೆ ಕಲ್ಲನ್ನೂ ಮಗುಚಿ ನೋಡುತ್ತಾರೆ. ಬಾಟಲಿಯ ನೀರು ಆ ಗಳಿಗೆಯ ಕಥೆ ಹೇಳಿದರೆ, ಹುಳು ತಿಂಗಳುಗಳ ಕಥೆ ಹೇಳುತ್ತದೆ. ಎಂಬತ್ತರ ದಶಕದಲ್ಲಿ ಕಾರ್ಖಾನೆಯ ತ್ಯಾಜ್ಯದಿಂದ ಇದೇ ಹೊಳೆಯಲ್ಲಿ ಮೀನುಗಳು ಸತ್ತು ತೇಲಿದ್ದನ್ನೂ, ಜನ ಬೀದಿಗಿಳಿದದ್ದನ್ನೂ ಅವನಿಗೆ ಹೇಳಿದೆ. ಅವನು ಅದನ್ನು ಯಾವ ಪುಸ್ತಕದಲ್ಲೂ ಓದಿರಲಿಲ್ಲ.

ಆಮೇಲೆ ಗಂಟಿನ ಪಾಠ. ಮನೆಯಲ್ಲಿ ಹಗ್ಗ ಅಥವಾ ಶೂ ದಾರ ಹಿಡಿದು ವಿದ್ಯಾರ್ಥಿಗಳು ಇದನ್ನು ಅಭ್ಯಾಸ ಮಾಡಬಹುದು. ಮೇಲಿನ ದಾರದ ತುದಿಯನ್ನೂ ಕೆಳಗಿನ ದಾರದ ತುದಿಯನ್ನೂ ಎದುರುಬದುರಾಗಿ ತಂದು, ಒಂದು ಗೇಣಿನಷ್ಟು ಉದ್ದ ಜೋಡಿಯಾಗಿ ಹಿಡಿಯಿರಿ. ಎರಡನ್ನೂ ಸೇರಿಸಿಯೇ ಒಂದು ಕುಣಿಕೆ ಮಾಡಿ. ಮೇಲಿನ ದಾರದ ಗಿಡ್ಡ ತುದಿ, ಕೆಳಗಿನ ದಾರ ಪೂರ್ತಿ, ಇವೆರಡನ್ನೂ ಜೊತೆಯಾಗಿ ಕುಣಿಕೆಯೊಳಗೆ ಎರಡು ಸಲ ತೂರಿಸಿ. ಬಿಗಿಯುವ ಮುಂಚೆ ಎಂಜಲಿನಿಂದ ಒದ್ದೆ ಮಾಡಿ. ಒಣ ನೈಲಾನನ್ನು ಎಳೆದು ಬಿಗಿದರೆ ಉಜ್ಜಿ ಬಿಸಿಯಾಗಿ ಅಲ್ಲೇ ಬಲ ಕಳೆದುಕೊಳ್ಳುತ್ತದೆ. ಆಮೇಲೆ ನಾಲ್ಕೂ ಎಳೆಗಳನ್ನು ನಿಧಾನವಾಗಿ ಎಳೆಯಿರಿ. ಗಂಟಿನಿಂದ ಎರಡು ಗಿಡ್ಡ ತುದಿ ಉಳಿಯುತ್ತವೆ. ಮೇಲಕ್ಕೆ ಮುಖ ಮಾಡಿದ್ದನ್ನು ಕತ್ತರಿಸಿ. ಕೆಳಕ್ಕೆ ಮುಖ ಮಾಡಿದ್ದನ್ನು ನಾಲ್ಕಾರು ಇಂಚು ಉಳಿಸಿಕೊಳ್ಳಿ, ಅದೇ ಕವಲು. ಅದು ಮೇಲಿನ ಗಟ್ಟಿ ದಾರದ್ದೇ ಮುಂದುವರಿಕೆಯಾದ್ದರಿಂದ ಭದ್ರ. ಈ ಗಂಟಿಗೆ ಇಂಗ್ಲಿಷಿನಲ್ಲಿ ಸರ್ಜನ್ಸ್ ನಾಟ್, ಶಸ್ತ್ರವೈದ್ಯರ ಗಂಟು, ಎಂದು ಹೆಸರು. “ನಿಮ್ಮಪ್ಪನ ಆಸೆ ಅರ್ಧ ಈಡೇರಿತು ಬಿಡು” ಎಂದೆ. ಹುಡುಗ ನಕ್ಕ.

ಗುಣಾಕಾರ ಬಲ್ಲ ಹುಡುಗ ಅವನು. ಕೂಡಲೇ ಕೇಳಿದ: “ಹಾಗಾದರೆ ಹತ್ತು ಗಾಳ ಯಾಕೆ ಕಟ್ಟಬಾರದು ಮಾಮ? ಸಿಗುವ ಸಂಭವ ಹತ್ತು ಪಟ್ಟು ಆಗುತ್ತಲ್ಲ?” ಹೊಟ್ಟೆಪಾಡಿಗೆ ಮೀನು ಹಿಡಿಯುವವರು ಉದ್ದನೆಯ ದಾರಕ್ಕೆ ನೂರಾರು ಗಾಳ ಕಟ್ಟಿ ರಾತ್ರಿಯೆಲ್ಲ ನೀರಲ್ಲಿ ಬಿಡುವುದುಂಟು. ಆದರೆ ಅದು ಹಗ್ಗದಂಥ ದಾರ. ಎರಡು ಕಡೆ ಗೂಟಕ್ಕೋ ಕಲ್ಲಿಗೋ ಕಟ್ಟಿರುತ್ತದೆ. ಎಳೆತವನ್ನು ತಡೆಯುವುದು ಗೂಟ. ಕೈಯಲ್ಲಿ ಹಿಡಿದ ಗಳಕ್ಕೆ ಇರುವುದು ಕೂದಲಿನಂಥ ಒಂದೇ ಎಳೆ. ಅದಕ್ಕೆ ಹಾಕಿದ ಒಂದೊಂದು ಗಂಟೂ ಅದರ ಬಲವನ್ನು ಅಷ್ಟಷ್ಟು ತಿನ್ನುತ್ತದೆ. ದಾರ ಕಿತ್ತುಹೋಗುವುದು ಸಾಮಾನ್ಯವಾಗಿ ಗಂಟಿನಲ್ಲೇ. ಗಂಟು ಹೆಚ್ಚಿದಷ್ಟೂ ಕಿತ್ತುಹೋಗುವ ಜಾಗ ಹೆಚ್ಚು. ಕಲ್ಲಿನ ಸಂದಿಗೆ ಸಿಕ್ಕಿಕೊಳ್ಳುವ ಮುಳ್ಳು ಹೆಚ್ಚು. ಬೀಸಿದಾಗ ಗಾಳಿಯಲ್ಲೇ ಹೆಣೆದುಕೊಳ್ಳುವ ಕವಲು ಹೆಚ್ಚು. ಆಳ ಒಂದೇ ಇದ್ದರೆ ಎರಡನೆಯ ಗಾಳದಿಂದ ಹೊಸ ಸುದ್ದಿಯೇನೂ ತಿಳಿಯುವುದೂ ಇಲ್ಲ.

ಈ ಮಾತು ಹೇಳುವಾಗ ನಾನು ಮೀನಿನ ಬಗ್ಗೆಯೇ ಹೇಳುತ್ತಿದ್ದೆ. ಹುಡುಗ ಬೇರೇನನ್ನೋ ಕೇಳಿಸಿಕೊಳ್ಳುತ್ತಿದ್ದಾನೆಂದು ಅವನ ಮುಖ ನೋಡಿದ ಮೇಲೆ ತಿಳಿಯಿತು.

ನಿಂತ ನೀರಿನ ಮಡುವಿಗೆ ಎರಡು ಗಾಳ ಇಳಿಸಿದೆವು. ಮುಳ್ಳಿನ ಹಿಂಗೊಕ್ಕೆಯನ್ನು ನಾನು ಇಕ್ಕಳದಿಂದ ಚಪ್ಪಟೆ ಮಾಡಿರುತ್ತೇನೆ. ಮೀನಿನ ಬಾಯಿ ಹರಿಯದೆ ಬಿಡಿಸಬಹುದು. ತಿನ್ನದ ಮೀನನ್ನು ಹಿಡಿದು ಬಿಡುವುದೂ ಹಿಂಸೆಯೇ ಎನ್ನುವವರ ಮಾತನ್ನು ನಾನು ಅಲ್ಲಗಳೆಯಲಾರೆ. ಇದೇ ತುಂಗೆಯ ನೀರಿನಲ್ಲಿ ಮೇಲೆ ಶೃಂಗೇರಿಯ ಮೀನುಗಳಿಗೆ ಅಕ್ಕಿ, ಮಂಡಕ್ಕಿ ಹಾಕಿ ಕೈಮುಗಿಯುವವರಿದ್ದಾರೆ. ಅದಕ್ಕೇ ಎರಡಕ್ಕಿಂತ ಹೆಚ್ಚು ನಾನು ಕಟ್ಟುವುದಿಲ್ಲ, ನಾಲ್ಕೈದು ಮೀನಿಗಿಂತ ಹೆಚ್ಚು ಕೂರುವುದಿಲ್ಲ. ಮಳೆಗಾಲದ ಹೊಸ ನೀರಿಗೆ ಮೊಟ್ಟೆಯಿಡಲು ಮೀನು ಹತ್ತುವ ಕಾಲದಲ್ಲಿ ದಂಡೆಗೇ ಹೋಗುವುದಿಲ್ಲ.

ಒಂದು ಗಂಟೆ ಬೆಂಡು ಅಲುಗಲಿಲ್ಲ. ಆಮೇಲೆ ಎರಡು ಸಲ ಕುಣಿದು ಮುಳುಗಿತು. ಗೇಣುದ್ದದ ಗೆಂಡೆ, ಮೇಲಿನ ಗಾಳಕ್ಕೆ. ಬಿಟ್ಟೆವು. ಇನ್ನೊಂದು, ಅದೂ ಮೇಲಿನದಕ್ಕೇ. ಕೆಳಗಿನ ಎರೆಹುಳು ಹಾಕಿದ ಹಾಗೇ ಇತ್ತು.

“ಈಗ ಕೆಳಗಿನದನ್ನು ಕತ್ತರಿಸು” ಎಂದೆ.

“ಇರಲಿ ಬಿಡಿ ಮಾಮ, ಅದರಿಂದೇನು ತೊಂದರೆ?”

“ನಿನ್ನ ಕಣ್ಣು ಎರಡು ಕಡೆ ಇರುತ್ತದೆ. ಮೇಲಿನದು ಎಳೆದಾಗ ಅದು ಹೋಗಿ ಕಲ್ಲಿಗೆ ಸಿಕ್ಕುತ್ತದೆ. ಹೊಳೆ ಉತ್ತರ ಕೊಟ್ಟಾಯಿತಲ್ಲ, ಇನ್ನೂ ಅದೇ ಪ್ರಶ್ನೆ ಕೇಳುತ್ತಾ ಇರಬಾರದು.”

ಅವನು ಸೀಸವನ್ನು ಬಿಡಿಸಿಕೊಂಡು, ಕೆಳಗಿನ ದಾರವನ್ನು ಕತ್ತರಿಸಿ ಸುರುಳಿ ಸುತ್ತಿದ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಇದನ್ನ ಅಪ್ಪಂಗೂ ಹೇಳ್ತೀರಾ ಮಾಮ?” ಎಂದ. ಜೆಇಇ ಲೆಕ್ಕಗಳನ್ನು ಕಂಡರೆ ಕೈ ನಡುಗುತ್ತದೆ ಎಂದೂ, ಜೀವಶಾಸ್ತ್ರದ ಪುಸ್ತಕ ಮಾತ್ರ ಯಾರೂ ಹೇಳದೆ ತಾನಾಗಿ ತೆಗೆಯುತ್ತೇನೆಂದೂ ಹೇಳಿದ. ವರ್ಷದಿಂದ ಮನೆಯಲ್ಲಿ ಇದನ್ನು ಯಾರೂ ಕೇಳಿರಲಿಲ್ಲ, ಅವನೂ ಹೇಳಿರಲಿಲ್ಲ.

ಭಾವನವರ ಹತ್ತಿರ ಕೂತು ಮಾತಾಡಿದೆ. ಅವರು ಕೆಟ್ಟ ತಂದೆಯಲ್ಲ. ಅಂಗಡಿಯ ಗಲ್ಲಾಪೆಟ್ಟಿಗೆ ಮುಂದೆ ಕೂತು, ತಮಗೆ ಸಿಗದ ಓದು ಮಗನಿಗೆ ಸಿಗಲಿ ಎಂದು ಒದ್ದಾಡಿದವರು. ಅವರು ನನಗೆ ಹೇಳಿದ ಮಾತನ್ನು ಇಲ್ಲಿ ಬರೆಯದಿದ್ದರೆ ನ್ಯಾಯವಾಗದು. “ಭಾವ, ಇವತ್ತು ಮೀನು ಬೀಳಲಿಲ್ಲ ಅಂದ್ರೆ ನೀವು ಮುಂದಿನ ಭಾನುವಾರ ಹೋಗ್ತೀರಿ. ಸೀಟು ಹೋದ್ರೆ ವರ್ಷಾನೇ ಹೋಗುತ್ತೆ. ನಿಮ್ಮ ಹೊಳಿಗೆ ಫೀಸಿಲ್ಲ, ಕಟಾಫ್ ಇಲ್ಲ.” ಇದಕ್ಕೆ ನನ್ನ ಹತ್ತಿರ ಜಾಣ ಉತ್ತರವಿರಲಿಲ್ಲ. ಸೀಟು ಕಡಿಮೆ, ಮಕ್ಕಳು ಜಾಸ್ತಿ, ಅದು ನಿಜ. ಎರಡು ಮೂರು ದಾರಿ ತೆರೆದಿಡುವುದೂ ತಪ್ಪಲ್ಲ. ಗಾಳ ಎರಡು ಕಟ್ಟು ಎಂದು ನಾನೇ ಹೇಳಿಕೊಡುತ್ತೇನೆ.

ಆದರೆ ನಾನು ಅವರಿಗೆ ಕೇಳಿದ್ದು ಎರಡೇ ಪ್ರಶ್ನೆ. ಈ ನಾಲ್ಕರಲ್ಲಿ ಯಾವುದು ಯಾವ ಆಳಕ್ಕೆ? ಒಂದೇ ಕಡೆ ಒಂದೇ ಪಾಠವನ್ನು ಮೂರು ಸಲ ಕೇಳಿಸುವುದಾದರೆ ಅದು ಒಂದೇ ಆಳದಲ್ಲಿ ಮೂರು ಗಾಳ. ಎರಡನೆಯದು, ಇಷ್ಟು ದಿನದಲ್ಲಿ ಯಾವುದಾದರೂ ಬೆಂಡು ಅಲುಗಿದೆಯೇ? ಅಲುಗಿದ್ದರೆ ಅದನ್ನು ನೋಡಿದವರು ಯಾರು? ಹುಡುಗನಿಗೆ ಬೇಸರವಿಲ್ಲದೆ ಕೂರಲು ಆಗುವ ವಿಷಯ ಯಾವುದು, ರಾತ್ರಿ ಎಬ್ಬಿಸುವ ವಿಷಯ ಯಾವುದು ಎಂಬುದು ಯಾವ ರ‍್ಯಾಂಕ್ ಪಟ್ಟಿಯಲ್ಲೂ ಬರುವುದಿಲ್ಲ. ಊಟದ ತಟ್ಟೆಯ ಮುಂದೆ ಕಾಣುತ್ತದೆ. ಎಲ್ಲ ಗಾಳಗಳ ಎಳೆತವೂ ಕೊನೆಗೆ ಬಂದು ಸೇರುವುದು ಹುಡುಗನೆಂಬ ಆ ಒಂದೇ ಎಳೆಗೆ. ಅದನ್ನು ಕಟ್ಟಿಡಲು ನಮ್ಮಲ್ಲಿ ಬೇರೆ ಗೂಟವಿಲ್ಲ.

ಭಾವನವರು ಆ ರಾತ್ರಿ ಏನೂ ಹೇಳಲಿಲ್ಲ. ಎರಡು ವಾರದ ಮೇಲೆ ಜೆಇಇ ಕೋಚಿಂಗ್ ನಿಂತಿತು. ಕಟ್ಟಿದ ಫೀಸು ವಾಪಸು ಬರಲಿಲ್ಲ. ಆ ಮಾತನ್ನು ಅವರು ನನಗೆ ಈಗಲೂ ನೆನಪಿಸುತ್ತಾರೆ. ನೀಟ್ ಉಳಿಯಿತು, ಸಿಇಟಿ ಉಳಿಯಿತು. ಸಿಇಟಿ ಮೂಲಕ ಕೃಷಿ, ತೋಟಗಾರಿಕೆ, ಮೀನುಗಾರಿಕೆ ಪದವಿಗಳಿಗೂ ಸೇರಬಹುದೆಂಬುದು, ಮಂಗಳೂರಿನಲ್ಲಿ 1969ರಿಂದಲೇ ಒಂದು ಮೀನುಗಾರಿಕೆ ಕಾಲೇಜು ಇದೆಯೆಂಬುದು ಅವರಿಗೆ ಹೊಸ ಸುದ್ದಿಯಾಗಿತ್ತು. “ಮೀನಿಗೂ ಡಿಗ್ರೀನಾ?” ಎಂದರು. ಹುಡುಗನ ತಲೆನೋವು ವಾರಕ್ಕೊಂದಕ್ಕೆ ಇಳಿದಿದೆ. ಪೂರ್ತಿ ಹೋಗಿಲ್ಲ. ಎರಡು ಹೊತ್ತು ಸರಿಯಾಗಿ ಉಣ್ಣುತ್ತಾನೆ. ಇದನ್ನು ಬರೆಯುವ ಹೊತ್ತಿಗೆ ಫಲಿತಾಂಶ ಬಂದಿಲ್ಲ. ಬಂದ ಮೇಲೆ ಮನೆಯಲ್ಲಿ ಇನ್ನೊಂದು ಸುತ್ತು ವಾದ ಇದ್ದೇ ಇದೆ.

ಓದಿ ಮುಗಿಸಿದ ಮಕ್ಕಳಿಗೆ ಕೈ ಕಡಿಯುತ್ತಿದ್ದರೆ ಕೆಲವು ಮಾತು. ತುಂಗಭದ್ರೆ ಮೇಲೆ ಸೌಮ್ಯ. ಮರಳು ತೆಗೆದ ಗುಂಡಿಗಳು ಒಳಗಿರುತ್ತವೆ. ಮೊಣಕಾಲುದ್ದದ ನೀರು ಒಂದೇ ಹೆಜ್ಜೆಗೆ ತಲೆ ಮುಳುಗುವಷ್ಟಾಗುತ್ತದೆ. ಜಾಗ ಬಲ್ಲ ದೊಡ್ಡವರೊಬ್ಬರು ಜೊತೆಗಿಲ್ಲದೆ ಇಳಿಯಬೇಡಿ. ಭದ್ರಾ ಕಾಲುವೆಯ ದಂಡೆಗಂತೂ ಹೋಗಲೇಬೇಡಿ. ಜಾರಿದರೆ ಹಿಡಿಯಲು ಅಲ್ಲಿ ಕಲ್ಲೂ ಸಿಗುವುದಿಲ್ಲ. ಕೆರೆಗಳನ್ನು ಮೀನಿಗಾಗಿ ಗುತ್ತಿಗೆ ಕೊಟ್ಟಿರುತ್ತಾರೆ, ಕೇಳದೆ ಗಾಳ ಹಾಕಬಾರದು. ಮಗುಚಿದ ಕಲ್ಲನ್ನು ಇದ್ದ ಹಾಗೇ ಮತ್ತೆ ಮಗುಚಿಡಿ, ಅದರ ಅಡಿಯಲ್ಲಿ ಒಂದು ಸಂಸಾರವಿದೆ. ಕತ್ತರಿಸಿದ ನೈಲಾನ್ ತುಂಡನ್ನು ದಂಡೆಯಲ್ಲಿ ಎಸೆಯಬೇಡಿ. ಅದು ಕೊಳೆಯುವುದಿಲ್ಲ, ಹಕ್ಕಿಯ ಕಾಲಿಗೆ ಸುತ್ತಿಕೊಳ್ಳುತ್ತದೆ. ಸುರುಳಿ ಸುತ್ತಿ ಜೇಬಿನಲ್ಲಿಟ್ಟುಕೊಂಡು ಮನೆಗೆ ತನ್ನಿ.